ಮೂರನೆಯ ತಂತಿ ಝರ್ ಎನ್ನುತ್ತಿದೆ, ಬ್ರಿಡ್ಜ್ ಬದಲಿಸಬೇಕೇ?

ನವನಗರ_ಬಾಗಲಕೋಟೆ:
ಮೂರು ವಾರದಿಂದ ಇದೇ ಗೋಳು. ಮಗಳ ಗಿಟಾರ್‌ನ ಮೂರನೆಯ ತಂತಿ ಮೀಟಿದರೆ ನಾದ ಬರುವುದಿಲ್ಲ, ಡಬ್ಬಿಯೊಳಗೆ ನೊಣ ಸಿಕ್ಕಿಕೊಂಡಂತೆ ಝರ್ ಎನ್ನುತ್ತದೆ. ಎರಡು ಸಲ ತಂತಿ ಬದಲಿಸಿದ್ದಾಯಿತು. ಸದ್ದು ಬ್ರಿಡ್ಜ್ ಕಡೆಯಿಂದಲೇ ಬರುತ್ತಿದೆ. ಬ್ರಿಡ್ಜ್ ಕಿತ್ತು ಹೊಸದು ಹಾಕಬೇಕು, 900 ರೂಪಾಯಿ ಆಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ವಾದ್ಯ ಕೊಂಡದ್ದೇ 1,800ಕ್ಕೆ, ಅದೂ ಹಳೆಯದು. ಮುಂದಿನ ಶನಿವಾರ ಶಾಲೆಯ ಸ್ನೇಹ ಸಮ್ಮೇಳನ. ಹುಡುಗಿ ಅಳುವುದೊಂದು ಬಾಕಿ. ದಯವಿಟ್ಟು ದಾರಿ ಹೇಳಿ.

ಟಿಳಕವಾಡಿ_ತಂತಿ:
ಸರ್, ಬ್ರಿಡ್ಜ್ ಮುಟ್ಟಬೇಡಿ. ಇದು ನೆಕ್‌ನ ಸಮಸ್ಯೆ, ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ನಿಮ್ಮ ಕಡೆಯ ಒಣಹವೆಗೆ ಮರದ ತೇವ ಆರಿ ನೆಕ್ ಹಿಂದಕ್ಕೆ ಬಾಗಿದೆ, ತಂತಿ ಫ್ರೆಟ್‌ಗಳಿಗೆ, ಅಂದರೆ ನೆಕ್ ಮೇಲಿನ ಅಡ್ಡ ಪಟ್ಟಿಗಳಿಗೆ, ಬಡಿಯುತ್ತಿದೆ. ನೆಕ್ ಒಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಇರುತ್ತದೆ. ಸೌಂಡ್ ಹೋಲ್ ಒಳಗಿನಿಂದ ಅಲೆನ್ ಕೀ ಹಾಕಿ ಎಡಕ್ಕೆ ಕಾಲು ಸುತ್ತು ಸಡಿಲಿಸಿ, ಒಂದು ದಿನ ಬಿಟ್ಟು ನೋಡಿ.

ನವನಗರ_ಬಾಗಲಕೋಟೆ:
ಟಾರ್ಚ್ ಹಿಡಿದು ನೋಡಿದೆ. ಒಳಗೆ ಸರಳೂ ಇಲ್ಲ, ತಿರುಪೂ ಇಲ್ಲ. ಮತ್ತೆ, ನಾನು ಸರ್ ಅಲ್ಲ, ಹುಡುಗಿಯ ತಾಯಿ.

ಟಿಳಕವಾಡಿ_ತಂತಿ:
ತಪ್ಪು ತಿಳಿಯಬೇಡಿ ಅಕ್ಕಾ. ಒಳಗೆ ಇಲ್ಲವೆಂದರೆ ತಲೆಯ ಕಡೆ, ಬಿರಡೆಗಳ ನಡುವೆ ಪುಟ್ಟ ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಅದನ್ನು ತೆಗೆಯಿರಿ.

ನವನಗರ_ಬಾಗಲಕೋಟೆ:
ಮುಚ್ಚಳವೂ ಇಲ್ಲ.

ಟಿಳಕವಾಡಿ_ತಂತಿ:
ಇದ್ದೇ ಇರುತ್ತದೆ, ಸರಿಯಾಗಿ ನೋಡಿ. ಆ ಸರಳು ಇಲ್ಲದಿದ್ದರೆ ಆರು ಉಕ್ಕಿನ ತಂತಿಗಳ ಎಳೆತಕ್ಕೆ ನೆಕ್ ಬಿಲ್ಲಾಗಿಬಿಡುತ್ತದೆ. ನನ್ನ ಬಳಿ ಮೂರು ಅಕೂಸ್ಟಿಕ್ ಇವೆ. ಬೆಳಗಾವಿಯ ಜುಲೈ ಮಳೆಗೆ ಮೇಲ್ಹಲಗೆ ಉಬ್ಬಿ ತಂತಿ ಮೇಲೇಳುತ್ತದೆ, ಬೇಸಿಗೆಯಲ್ಲಿ ಹಲಗೆ ಕುಗ್ಗಿ ತಂತಿ ಕೆಳಗಿಳಿಯುತ್ತದೆ. ಅದಕ್ಕಾಗಿ ಗಾಜಿನ ಬಾಗಿಲಿನ ಕಪಾಟು ಮಾಡಿಸಿ, ಒಳಗೆ ತೇವಮಾಪಕ ಇಟ್ಟು, ವರ್ಷವಿಡೀ ಶೇಕಡಾ 45ರಿಂದ 55ರ ನಡುವೆ ಕಾಯ್ದುಕೊಳ್ಳುತ್ತೇನೆ. ದೇವದಾರಿನ ಹಲಗೆಯ ಗಿಟಾರ್‌ಗೆ ಹೋದ ವರ್ಷ ಎಲುಬಿನ ಸ್ಯಾಡಲ್ ಹಾಕಿಸಿದೆ, ನಾದ ಎಷ್ಟು ತುಂಬಿಕೊಂಡಿತೆಂದರೆ ಪಕ್ಕದ ಮನೆಯವರು ಹೊಸ ಗಿಟಾರ್ ತಂದಿರಾ ಎಂದು ಕೇಳಿದರು.

ಜಮಖಂಡಿ_ಶ್ರುತಿ:
ಅಕ್ಕಾ, ತಂತಿ ಎಷ್ಟಿವೆ? ಉಕ್ಕಿನವೋ ನೈಲಾನ್‌ನವೋ? ಬಿಳಿ ಪಟ್ಟಿಯಿಂದ ಬಿಳಿ ಪಟ್ಟಿಗೆ ತಂತಿಯ ಉದ್ದ ಅಳೆದು ಹೇಳಿ.

ನವನಗರ_ಬಾಗಲಕೋಟೆ:
ನಾಲ್ಕು ತಂತಿ, ನೈಲಾನ್. ಉದ್ದ 15 ಇಂಚು. ಮಕ್ಕಳ ಗಿಟಾರ್ ಎಂದೇ ಕೊಟ್ಟಿದ್ದರು, ಹಾಗಾಗಿ ಬೇರೆ ಹೇಳಬೇಕು ಅನ್ನಿಸಲಿಲ್ಲ. ಇನ್ನೊಂದು ಅನುಮಾನವೂ ಇದೆ. ನಾಲ್ಕನೆಯ ತಂತಿ ಮೂರನೆಯದಕ್ಕಿಂತ ತೆಳ್ಳಗಿದೆ. ಅದಲುಬದಲು ಹಾಕಿದ್ದಾರೆಯೇ?

ಜಮಖಂಡಿ_ಶ್ರುತಿ:
ಹಾಗಾದರೆ ಅದು ಗಿಟಾರ್ ಅಲ್ಲ, ಕಾನ್ಸರ್ಟ್ ಉಕುಲೇಲೆ. ಉಕುಲೇಲೆಯ ಗಾತ್ರಗಳಲ್ಲಿ ತಂತಿಯ ಉದ್ದ ಸೊಪ್ರಾನೊ 13 ಇಂಚು, ಕಾನ್ಸರ್ಟ್ 15, ಟೆನರ್ 17, ಬ್ಯಾರಿಟೋನ್ 19. ಈ ಬೆಲೆಯ ಉಕುಲೇಲೆಯಲ್ಲಿ ಟ್ರಸ್ ರಾಡ್ ಹುಡುಕಿ ಪ್ರಯೋಜನವಿಲ್ಲ. ನಾಲ್ಕು ನೈಲಾನ್ ತಂತಿಗಳ ಎಳೆತವನ್ನು ಬರಿಯ ಮರವೇ ತಡೆಯುತ್ತದೆ. ನಾಲ್ಕನೆಯ ತಂತಿ ಸರಿಯಾಗಿಯೇ ಇದೆ. ಶ್ರುತಿ ಜಿ, ಸಿ, ಇ, ಎ. ಇದರಲ್ಲಿ ಜಿ ತಂತಿ ಸಿ ತಂತಿಗಿಂತ ಮೇಲಿನ ಸ್ವರ, ಗಿಟಾರ್‌ನಂತೆ ದಪ್ಪದಿಂದ ತೆಳುವಿಗೆ ಸಾಲಾಗಿ ಬರುವುದಿಲ್ಲ.

ಟಿಳಕವಾಡಿ_ತಂತಿ:
ಟ್ರಸ್ ರಾಡ್ ಇರುವ ಉಕುಲೇಲೆಗಳೂ ಇವೆ. ಅದೂ ಅಲ್ಲದೆ ಉಕುಲೇಲೆ ಎಂದರೆ ಚಿಕ್ಕ ಗಿಟಾರ್ ತಾನೇ?

ಜಮಖಂಡಿ_ಶ್ರುತಿ:
ಚಿಕ್ಕ ಗಿಟಾರ್ ಅಲ್ಲ, ಅಣ್ಣ. ಪೋರ್ಚುಗಲ್‌ನ ಮದೀರಾ ದ್ವೀಪದಿಂದ 1879ರಲ್ಲಿ ಹಡಗು ಹತ್ತಿ ಹವಾಯಿಗೆ ಹೋದ ಮರಗೆಲಸದವರು, ತಮ್ಮೂರಿನ ನಾಲ್ಕು ತಂತಿಯ ಪುಟ್ಟ ವಾದ್ಯದಿಂದ ಅದನ್ನು ಬೆಳೆಸಿದರು. ಅದಕ್ಕೆ ಅದರದೇ ವಂಶ ಇದೆ. ಗಿಟಾರ್‌ನ ಲೆಕ್ಕವನ್ನು ಅದರ ಮೇಲೆ ಹೇರಿದ್ದರಿಂದಲೇ ನಾವು ಎರಡು ದಿನ ಇಲ್ಲದ ಸರಳನ್ನು ಹುಡುಕಿದೆವು.

ವಿಜಯಪುರ_ತಂಬೂರಿ:
ಇಬ್ಬರೂ ಸ್ವಲ್ಪ ನಿಲ್ಲಿ. ತಾಯಿ, ಬ್ರಿಡ್ಜ್ ಎಂದು ನೀವು ಯಾವುದನ್ನು ಕರೆಯುತ್ತಿದ್ದೀರಿ? ಹೊಟ್ಟೆಯ ಮೇಲೆ, ತಂತಿ ಕಟ್ಟುವ ಜಾಗವನ್ನೋ? ಅಥವಾ ಬಿರಡೆಗಳ ಕೆಳಗಿರುವ ಬಿಳಿ ಪಟ್ಟಿಯನ್ನೋ?

ನವನಗರ_ಬಾಗಲಕೋಟೆ:
ಬಿರಡೆಗಳ ಕೆಳಗಿನದು. ಅಂಗಡಿಯವರೂ ಅದನ್ನೇ ಮುಟ್ಟಿ ತೋರಿಸಿದರು. ಹೊಸ ತಂತಿ ದಪ್ಪವಾಗಿತ್ತು, ಆ ಪಟ್ಟಿಯಲ್ಲಿ ಕೂರಲಿಲ್ಲ. ಸಣ್ಣ ಅರದಿಂದ ಉಜ್ಜಿ ಕೂರಿಸಿಕೊಟ್ಟರು.

ವಿಜಯಪುರ_ತಂಬೂರಿ:
ಈ ಅರದ ಮಾತು ಮೊದಲೇ ಬಂದಿದ್ದರೆ ಎರಡು ದಿನ ಉಳಿಯುತ್ತಿತ್ತು. ನೀವು ಹೇಳುತ್ತಿರುವುದು ಬ್ರಿಡ್ಜ್ ಅಲ್ಲ, ಅದಕ್ಕೆ ನಟ್ ಎನ್ನುತ್ತಾರೆ. ವೀಣೆಯವರ ಮಾತಿನಲ್ಲಿ ಮೇರು. ಬ್ರಿಡ್ಜ್ ಎಂದರೆ ಹೊಟ್ಟೆಯ ಮೇಲಿನ ಕುದುರೆ. ಅದರ ಮೇಲಿನ ಬಿಳಿ ಪಟ್ಟಿ ಸ್ಯಾಡಲ್. ಒತ್ತದೆ ಬಿಟ್ಟ ತಂತಿ ಮೇರುವಿನಿಂದ ಸ್ಯಾಡಲ್‌ವರೆಗೆ ಮಿಡಿಯುತ್ತದೆ. ನೀವು ಮೆಟ್ಟಿಲಲ್ಲಿ, ಅಂದರೆ ಫ್ರೆಟ್‌ನಲ್ಲಿ, ಒತ್ತಿದ ಕೂಡಲೇ ಮೇರುವಿನ ಕೆಲಸ ಮುಗಿಯಿತು, ತಂತಿ ಆ ಮೆಟ್ಟಿಲಿನಿಂದ ಮಿಡಿಯುತ್ತದೆ. ಆದ್ದರಿಂದ ಒಂದೇ ಪ್ರಶ್ನೆ: ತಂತಿ ಒತ್ತಿ ನುಡಿಸಿದಾಗಲೂ ಝರ್ ಎನ್ನುತ್ತದೆಯೇ?

ನವನಗರ_ಬಾಗಲಕೋಟೆ:
ಮಗಳನ್ನು ಕೂರಿಸಿಕೊಂಡು ನೋಡಿದೆ. ಒತ್ತಿದರೆ ಎಲ್ಲಿಯೂ ಇಲ್ಲ. ಬಿಟ್ಟ ತಂತಿಗೆ ಮಾತ್ರ.

ವಿಜಯಪುರ_ತಂಬೂರಿ:
ಅಲ್ಲಿಗೆ ಕಳ್ಳ ಸಿಕ್ಕ. ಎಲ್ಲ ಮೆಟ್ಟಿಲುಗಳಲ್ಲೂ ಝರ್ ಎಂದರೆ ಸ್ಯಾಡಲ್ ತಗ್ಗಿದೆ ಅಥವಾ ಕುತ್ತಿಗೆ ಬಾಗಿದೆ. ಒಂದೇ ಜಾಗದಲ್ಲಿ ಒತ್ತಿದಾಗ ಎಂದರೆ ಅದರ ಮುಂದಿನ ಮೆಟ್ಟಿಲು ಎದ್ದಿದೆ. ಬಿಟ್ಟ ತಂತಿಗೆ ಮಾತ್ರ ಎಂದರೆ ಮೇರುವಿನ ಕಚ್ಚು ಆಳವಾಗಿದೆ. ಖಚಿತಪಡಿಸಿಕೊಳ್ಳಿ: ಆ ತಂತಿಯನ್ನು ಎರಡನೆಯ ಮತ್ತು ಮೂರನೆಯ ಮೆಟ್ಟಿಲುಗಳ ನಡುವೆ ಒತ್ತಿ ಹಿಡಿದು ಮೊದಲ ಮೆಟ್ಟಿಲನ್ನು ಬೆಳಕಿಗೆ ಹಿಡಿದು ನೋಡಿ. ತಂತಿಗೂ ಮೆಟ್ಟಿಲಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಅಂಟಿಕೊಂಡು ಮಲಗಿದ್ದರೆ ಅರ ಹೆಚ್ಚು ಇಳಿದಿದೆ. ಸದ್ಯಕ್ಕೆ ತಂತಿ ಸಡಿಲಿಸಿ, ಕಚ್ಚಿನಿಂದ ಎತ್ತಿ, ಕೆಳಗೆ ಕಾಗದದ ಚೂರು ಇಟ್ಟು ಮತ್ತೆ ಬಿಗಿಯಿರಿ.

ನಮ್ಮ ತಂದೆ ಮಿರಜದಿಂದ ತಂದ ತಂಬೂರಿ ಇಂದಿಗೂ ಮನೆಯಲ್ಲಿದೆ. ಅದರ ಕುದುರೆಯ ಮೇಲೆ ತಂತಿಯ ಕೆಳಗೆ ಹತ್ತಿಯ ನೂಲು ಸರಿಸಿ ಸರಿಸಿ ಜವಾರಿ ಕೂರಿಸುತ್ತೇವೆ. ಅಲ್ಲಿ ಆ ಝೇಂಕಾರ ಬರಲೆಂದೇ ಗಂಟೆಗಟ್ಟಲೆ ಕೂರುತ್ತೇವೆ. ಕೂದಲೆಳೆಯ ಎತ್ತರಕ್ಕೆ ಎಷ್ಟು ಬೆಲೆ ಎಂಬುದನ್ನು ನನಗೆ ಆ ನೂಲು ಕಲಿಸಿತು.

ಟಿಳಕವಾಡಿ_ತಂತಿ:
ಕಾಕಾ, ಅಂಗಡಿಗೆ ಹೋಗಿ ಮೇರು ಕೊಡಿ ಎಂದರೆ ಯಾರಿಗೆ ತಿಳಿಯುತ್ತದೆ? ಕಲಿಯುವ ಮಗುವಿಗೆ ನಟ್, ಫ್ರೆಟ್, ಬ್ರಿಡ್ಜ್ ಎಂದೇ ಹೇಳಿಕೊಡುವುದು ಒಳ್ಳೆಯದು.

ವಿಜಯಪುರ_ತಂಬೂರಿ:
ಎರಡನ್ನೂ ಕಲಿಯಲಿ. ಕುದುರೆ ಎಂದರೆ ತಂತಿಯನ್ನು ಬೆನ್ನ ಮೇಲೆ ಹೊರುವುದು ಎಂದು ಮಗುವಿಗೆ ತಾನಾಗಿ ಹೊಳೆಯುತ್ತದೆ. ಬ್ರಿಡ್ಜ್ ಎಂಬ ಮಾತು ಇಲ್ಲಿ ಮೂರು ಜನರನ್ನು ಮೂರು ದಿಕ್ಕಿಗೆ ಕಳಿಸಿತು, ನೋಡಿದಿರಲ್ಲ.

ಟಿಳಕವಾಡಿ_ತಂತಿ:
ಅದು ಬ್ರಿಡ್ಜ್ ಎಂಬ ಮಾತಿನ ತಪ್ಪಲ್ಲ, ಫೋಟೊ ಹಾಕದೆ ಇದ್ದದ್ದರ ತಪ್ಪು. ತೇವದ ವಿಷಯದಲ್ಲಿ ನನ್ನ ಮಾತು ಈಗಲೂ ನಿಲ್ಲುತ್ತದೆ.

ನವನಗರ_ಬಾಗಲಕೋಟೆ:
ಮೊದಲ ಮೆಟ್ಟಿಲಿಗೆ ತಂತಿ ಅಂಟಿಯೇ ಮಲಗಿತ್ತು. ಪರ್ಸಿನಲ್ಲಿ ಬಸ್ ಟಿಕೆಟ್ ಇತ್ತು. ಅದರ ಅಂಚನ್ನು ಅಕ್ಕಿಕಾಳಿನಷ್ಟು ಕತ್ತರಿಸಿ ಕಚ್ಚಿನಲ್ಲಿ ಇಟ್ಟೆ. ಒಂದು ಪದರಕ್ಕೆ ಝರ್ ಕಡಿಮೆಯಾಯಿತು, ನಿಲ್ಲಲಿಲ್ಲ. ಮಡಚಿ ಎರಡು ಪದರ ಮಾಡಿ ಬಿಗಿದೆವು. ನಿಂತಿತು. ಮಗಳು ಅದೊಂದೇ ತಂತಿಯನ್ನು ಹತ್ತು ನಿಮಿಷ ಮೀಟುತ್ತಾ ಕುಳಿತಳು. ಆದರೆ ಉಳಿದ ಮೂರರಷ್ಟು ಅದು ಮೊಳಗುತ್ತಿಲ್ಲ, ಸ್ವಲ್ಪ ಮಂಕಾಗಿದೆ.

ಜಮಖಂಡಿ_ಶ್ರುತಿ:
ಕಾಗದ ಮೆತ್ತಗಿರುವುದರಿಂದ ನಾದ ಹೀರುತ್ತದೆ. ಕಚ್ಚಿಗೆ ಅಡುಗೆ ಸೋಡಾ ತುಂಬಿ ಮೇಲೆ ಒಂದು ಹನಿ ಫೆವಿಕ್ವಿಕ್ ಬಿಟ್ಟರೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಆಮೇಲೆ ಅದರಲ್ಲಿ ಹೊಸ ಕಚ್ಚು ಕೊರೆಯಬಹುದು. ಕಾರ್ಯಕ್ರಮಕ್ಕೆ ಮೊದಲು ಮಾತ್ರ ಬೇಡ, ಅಂಟು ಹರಿದರೆ ಮೆಟ್ಟಿಲುಹಲಗೆ ಕೆಡುತ್ತದೆ.

ವಿಜಯಪುರ_ತಂಬೂರಿ:
ಶನಿವಾರ ಟಿಕೆಟ್ ಚೂರಿನಲ್ಲೇ ನುಡಿಸಲಿ. ಆಮೇಲೆ ಆ ಬಿಳಿ ಪಟ್ಟಿಯ ಉದ್ದ, ದಪ್ಪ, ಎತ್ತರ, ಕಚ್ಚುಗಳ ನಡುವಿನ ಅಂತರ, ಇಷ್ಟನ್ನೂ ಮಿಲಿಮೀಟರ್‌ನಲ್ಲಿ ಅಳೆದು ಇಲ್ಲಿ ಬರೆಯಿರಿ. ನನ್ನ ಬಳಿ ಎಲುಬಿನ ತುಂಡು ಉಳಿದಿದೆ, ಕಚ್ಚುಗಳನ್ನು ತುಸು ಎತ್ತರವಾಗಿಯೇ ಬಿಟ್ಟು ಉಜ್ಜಿ ಕಳಿಸುತ್ತೇನೆ. ತಗ್ಗಿಸುವುದು ಸುಲಭ ತಾಯಿ, ಏರಿಸುವುದು ಕಷ್ಟ.

ನವನಗರ_ಬಾಗಲಕೋಟೆ:
ಸ್ಕೇಲ್‌ನಲ್ಲಿ ಕಚ್ಚುಗಳ ಅಂತರ ಸರಿಯಾಗಿ ಸಿಗುತ್ತಿಲ್ಲ. ನಾಳೆ ಪರಿಚಯದ ಅಕ್ಕಸಾಲಿಗರ ಅಂಗಡಿಯಲ್ಲಿ ಅಳೆಸಿಕೊಂಡು ಬಂದು ಬರೆಯುತ್ತೇನೆ.