ಸುಮ್ಮನಿದ್ದರೆ ಗಾಬರಿ

"ಏನಂದ್ರಿ?" ಎಂದು ಕೂಗಿದ ಸೀನ.

"ಬಾಗಿಲು ತೆಗಿ ಅಂದೆ! ಹತ್ತು ನಿಮಿಷದಿಂದ ಬಡೀತಾ ಇದ್ದೇನೆ!" ಕಿಟಕಿಗೆ ಮುಖ ಹಚ್ಚಿ ಅದಕ್ಕಿಂತ ಜೋರಾಗಿ ಕೂಗಿದರು ವೆಂಕಣ್ಣ.

ಒಳಗೆ ಬಂದರೆ ಮಾತಿಗೆ ಜಾಗವೇ ಇಲ್ಲ. ಮೂಲೆಯಲ್ಲಿದ್ದ ಕರಿ ಪೆಟ್ಟಿಗೆ ಒಮ್ಮೆ 'ಭೋಂ' ಅನ್ನುತ್ತದೆ. ನಾಲ್ಕು ಸೆಕೆಂಡು ತೆಪ್ಪಗಾಗುತ್ತದೆ. ಈಗ ಮಾತಾಡೋಣ ಅಂತ ಬಾಯಿ ತೆರೆದರೆ ಸರಿಯಾಗಿ ಅದೇ ಹೊತ್ತಿಗೆ ಮತ್ತೆ 'ಭೋಂ'. ನಾಣಿ ಆಗಲೇ ಸ್ಕ್ರೂಡ್ರೈವರ್ ಹಿಡಿದು ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದ.

"ಇದೇನು, ಮೈಮೇಲೆ ಬಂದಿದೆಯಾ?" ಎಂದರು ವೆಂಕಣ್ಣ.

"ಸರ್ವರ್ ವೆಂಕಣ್ಣ. ಹಳೇದು, ಸೆಕೆಂಡ್ ಹ್ಯಾಂಡ್. ಈಗ ಎಲ್ಲರೂ ಮನೇಲಿ ಒಂದು ಇಟ್ಕೊಳ್ತಾರೆ."

"ಸರ್ವರ್ ಅಂದರೆ ಸೇವೆ ಮಾಡೋನು ಅಂದುಕೊಂಡಿದ್ದೆ. ಇದು ಸೇವೆ ಮಾಡ್ತೀನಿ, ಮಾಡ್ತೀನಿ ಅಂತ ಡಂಗುರ ಹೊಡೀತಾ ಇದೆಯಲ್ಲೋ. ಯಾರಿಗೆ ಮಾಡ್ತಿದೆ ಸೇವೆ?"

"ನನಗೆ. ಫೋಟೋ ಇಟ್ಟಿದ್ದೇನೆ."

"ನೋಡ್ತೀಯಾ?"

ಸೀನ 'ಭೋಂ' ಮುಗಿಯಲಿ ಅಂತ ಕಾದ. ಮುಗಿದ ಮೇಲೂ ಉತ್ತರ ಬರಲಿಲ್ಲ.

"ಇದೇ ವಾಸಿ ವೆಂಕಣ್ಣ," ಎಂದ ನಾಣಿ. "ಮೊದಲು ಇದು ಒಂದು ಯೂ ದಪ್ಪದ ಡಬ್ಬಿಯಲ್ಲಿತ್ತು. ಯೂ ಅಂದರೆ ಸರ್ವರ್ ಡಬ್ಬಿಯ ಅಳತೆ, ನಾಲ್ಕೂವರೆ ಸೆಂಟಿಮೀಟರಿಗೂ ಕಮ್ಮಿ ದಪ್ಪ. ಅದರೊಳಗೆ 40 ಮಿಲಿಮೀಟರಿನ ಪುಟಾಣಿ ಫ್ಯಾನುಗಳು, ಸಾಲಾಗಿ ಆರು. ನಿಮಿಷಕ್ಕೆ 15,000 ಸುತ್ತು."

"ಅಂದರೆ ಸೆಕೆಂಡಿಗೆ 250. ಅಷ್ಟು ಅವಸರ ಯಾಕೆ?"

"ರೆಕ್ಕೆ ಚಿಕ್ಕದು, ಗಾಳಿ ಜಾಸ್ತಿ ಬೇಕು. ಇನ್ನೇನು ಮಾಡುತ್ತೆ, ಸುತ್ತುತ್ತೆ. ಇಂಥವನ್ನ ಇಡೋ ಡೇಟಾ ಸೆಂಟರ್‌ನಲ್ಲಿ ಯಾರೂ ಮಲಗೋದಿಲ್ಲವಲ್ಲ, ಸದ್ದಿನ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿಲ್ಲ."

"ಇವನು ತಂದು ಮಂಚದ ಪಕ್ಕ ಇಟ್ಟ."

"ಮಂಚದ ಪಕ್ಕ ಅಲ್ಲ," ಎಂದ ಸೀನ. "ಬೀರುವಿನೊಳಗೆ ಇಟ್ಟು ಬಾಗಿಲು ಹಾಕಿದ್ದೆ."

"ಹಾಕಿದ ಮೇಲೆ?"

"ಇನ್ನೂ ಜೋರಾಯಿತು."

ಆಗದೇ ಏನು? ಒಳಗಿನ ಬಿಸಿ ಒಳಗೇ ಉಳಿಯಿತು, ಬಿಸಿ ಏರಿತು, ಫ್ಯಾನೂ ಏರಿತು. ಮೇಲೊಂದು ಕಂಬಳಿಯನ್ನೂ ಹೊದೆಸಿದ್ದನಂತೆ. ಅದನ್ನು ಅವನು ತಾನಾಗಿ ಹೇಳಲಿಲ್ಲ, ನಾಣಿ ಬಾಯಿಬಿಟ್ಟ.

ಕೊನೆಗೆ ಸೀನನಿಗೆ ಜ್ಞಾನೋದಯವಾಗಿ ಬೋರ್ಡನ್ನು ಕಿತ್ತು ದೊಡ್ಡ ಪೆಟ್ಟಿಗೆಗೆ ಹಾಕಿದ್ದ. 120 ಮಿಲಿಮೀಟರಿನ ದೊಡ್ಡ ಫ್ಯಾನುಗಳು, ಸದ್ದಿಲ್ಲದವು ಅಂತ ಹೆಸರಾದವು. ಲೆಕ್ಕವೂ ಸರಿಯಾಗಿಯೇ ಇತ್ತು. ವೇಗ ಅರ್ಧ ಮಾಡಿದರೆ ಅದೇ ಫ್ಯಾನಿನ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಇಳಿದರೇ ಕಿವಿಗೆ ಅರ್ಧವಾದ ಹಾಗೆ ಕೇಳಿಸುತ್ತದೆ. ಇನ್ನು ವಿದ್ಯುತ್ತು ಎಂಟನೇ ಒಂದು ಪಾಲು ಸಾಕು. ಎಲ್ಲ ಸರಿ. ಆದರೂ ಈ 'ಭೋಂ'.

"ಫ್ಯಾನ್ ಕೆಟ್ಟಿದೆ," ಎಂದ ಸೀನ.

"ಫ್ಯಾನ್ ಚೆನ್ನಾಗೇ ಇದೆ. ಚೆನ್ನಾಗಿರೋದೇ ತೊಂದರೆ," ಎಂದ ನಾಣಿ. ಫ್ಯಾನಿನ ತುದಿಯ ನಾಲ್ಕು ತಂತಿ ಎತ್ತಿ ತೋರಿಸಿದ. "ಕಪ್ಪು, ಹಳದಿ ಕರೆಂಟಿಗೆ. ನೀಲಿಯಲ್ಲಿ ಬೋರ್ಡಿನಿಂದ ಅಪ್ಪಣೆ ಬರುತ್ತೆ, ಇಷ್ಟು ವೇಗವಾಗಿ ಸುತ್ತು ಅಂತ. ಹಸಿರಿನಲ್ಲಿ ಫ್ಯಾನು ವರದಿ ಕಳಿಸುತ್ತೆ. ಒಂದು ಸುತ್ತಿಗೆ ಎರಡು ಮಿಡಿತ."

"ನಾಡಿ ಹಿಡಿದ ಹಾಗೆ."

"ಹಾಗೇ. ನಾಡಿ ಹಿಡಿಯೋದು ಬೋರ್ಡಿನ ಮೇಲಿನ ಈ ಚಿಪ್ಪು, ಬಿಎಂಸಿ. ಬೇರೆಯದೇ ಸಣ್ಣ ಕಂಪ್ಯೂಟರ್ ಇದು. ಸರ್ವರ್ ಆಫ್ ಮಾಡಿದರೂ ಪ್ಲಗ್ಗಿನಲ್ಲಿ ಕರೆಂಟ್ ಇರೋವರೆಗೂ ಎಚ್ಚರವಾಗಿರುತ್ತೆ."

"ರಾತ್ರಿಯೆಲ್ಲ ಎದ್ದಿದ್ದು ಯಾರು ಕೆಮ್ಮಿದರು, ಯಾರು ಮಗ್ಗಲು ಬದಲಿಸಿದರು ಅಂತ ನೋಡೋ ಮನೆ ಹಿರಿಯ."

"ಅದಕ್ಕೊಂದು ಗೆರೆ ಹಾಕಿಟ್ಟಿರುತ್ತಾರೆ. ಈ ಬೋರ್ಡಿನಲ್ಲಿ ನಿಮಿಷಕ್ಕೆ 500 ಸುತ್ತು. ಫ್ಯಾನು ಅದಕ್ಕಿಂತ ಕೆಳಗೆ ಬಂದರೆ ಸಾಯ್ತಾ ಇದೆ ಅಂತ ಅರ್ಥ. ಸೀನನ ಫ್ಯಾನು ಆರಾಮಾಗಿ 400ರಲ್ಲಿ ಸುತ್ತುತ್ತೆ. ಬಿಎಂಸಿಗೆ ಗಾಬರಿ. ಒಂದು ಫ್ಯಾನು ಹೋಯಿತು, ಉಳಿದವರೆಲ್ಲ ಓಡಿ ಅಂತ ಅಷ್ಟೂ ಫ್ಯಾನನ್ನ ಪೂರ್ತಿ ವೇಗಕ್ಕೆ ಎಬ್ಬಿಸುತ್ತೆ. ಆಗ ಈ ಫ್ಯಾನೂ 1,500 ಮುಟ್ಟುತ್ತೆ. ಓಹೋ, ಬದುಕಿದ್ದಾನೆ ಅಂತ ಬಿಎಂಸಿಗೆ ಸಮಾಧಾನ ಆಗುತ್ತೆ, ವೇಗ ಇಳಿಸುತ್ತೆ. ಫ್ಯಾನು ಮತ್ತೆ 400ಕ್ಕೆ ಬರುತ್ತೆ."

"ಮತ್ತೆ ಅಯ್ಯೋ ಸತ್ತ," ಎಂದರು ವೆಂಕಣ್ಣ. 'ಭೋಂ' ಅಂದಿತು. "ನೋಡು, ಬಾಯಿ ಬಡಕೊಳ್ತು." ನಾಲ್ಕು ಸೆಕೆಂಡು ಕಳೆಯಿತು. "ಈಗ ಎದ್ದು ಕೂತ ಅಂತ ಕಣ್ಣೊರೆಸಿಕೊಳ್ತು. ಪಾಪ, ನೆಮ್ಮದಿಯಾಗಿ ಇರೋನನ್ನ ಅದು ಈವರೆಗೆ ನೋಡೇ ಇಲ್ಲ ಕಣೋ."

"ನಾನು ಕರೆಂಟ್ ತಗ್ಗಿಸೋ ರೆಸಿಸ್ಟರ್ ವೈರೂ ಹಾಕಿದ್ದೆ," ಎಂದ ಸೀನ, ತನ್ನದೂ ಒಂದು ಪ್ರಯತ್ನ ಲೆಕ್ಕಕ್ಕಿರಲಿ ಅಂತ.

"ಭೇಷ್. ಸತ್ತ ಅಂತ ಅಳ್ತಾ ಇರೋರ ಮುಂದೆ ಉಸಿರೂ ಬಿಗಿಹಿಡಿ ಅಂದೆ."

ವೇಗವನ್ನು ಒಂದೇ ಕಡೆ ಕಟ್ಟಿಹಾಕುವ ದಾರಿಯೂ ಕೆಲವು ಬೋರ್ಡುಗಳಲ್ಲಿದೆ ಅಂದ ನಾಣಿ. ಹಾಗೆ ಮಾಡಿದರೆ ನಿಜವಾಗಿ ಬಿಸಿ ಏರಿದಾಗಲೂ ಫ್ಯಾನು ಅಲ್ಲೇ ಇರುತ್ತದಂತೆ. ವೆಂಕಣ್ಣ ಒಪ್ಪಲಿಲ್ಲ. "ಕಾವಲಿನವನ ಬಾಯಿಗೆ ಬಟ್ಟೆ ತುರುಕಬೇಡ. ಇವನು ಸುಮ್ನಿರೋ ಜಾತಿ, ಸತ್ತಿಲ್ಲ ಅಂತ ಕಿವಿಯಲ್ಲಿ ಹೇಳು ಸಾಕು."

ನಾಣಿ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡ. 'ಐಪಿಎಂಐಟೂಲ್ ಸೆನ್ಸರ್ ಥ್ರೆಶ್ ಫ್ಯಾನ್1 ಲೋವರ್ 100 200 300' ಅಂತ ಬಿಎಂಸಿಗೆ ಒಂದು ಕಮಾಂಡ್ ಹೊಡೆದ. 300ಕ್ಕಿಂತ ಇಳಿದರೆ ಎಚ್ಚರಿಕೆ, 200ಕ್ಕೆ ಗಂಭೀರ, 100ಕ್ಕೆ ಕೈಬಿಟ್ಟ ಕೇಸು. ಪ್ರತಿ ಫ್ಯಾನಿಗೂ ಹೀಗೇ ಒಂದೊಂದು ಸಾಲು. ಕೊನೆಯ ಫ್ಯಾನಿಗೆ ಎಂಟರ್ ಒತ್ತಿದ.

'ಭೋಂ' ಅರ್ಧಕ್ಕೇ ಇಳಿಯಿತು. ನಾಲ್ಕು ಸೆಕೆಂಡಾಯಿತು. ಹತ್ತಾಯಿತು. ಮೂವರೂ ಪೆಟ್ಟಿಗೆಯನ್ನೇ ನೋಡುತ್ತಾ ಕೂತರು. ಒಳಗೆ ಹಾರ್ಡ್ ಡಿಸ್ಕು ಇಲಿ ಕಡಿದ ಹಾಗೆ ಕಟಕಟ ಅನ್ನುವುದು ಈಗ ಕೇಳಿಸಿತು.

"ನಿಂತೇ ಹೋಯಿತಲ್ಲ!" ಎಂದು ಕೂಗಿದ ಸೀನ.

"ಯಾಕೋ ಕೂಗ್ತೀಯ?"

"ಕೂಗ್ತಿಲ್ಲ!" ಎಂದು ಕೂಗಿದ. ಒಂದು ತಿಂಗಳಿಂದ ಅವನ ಗಂಟಲು ಆ ಅಳತೆಗೇ ಕೂತುಬಿಟ್ಟಿತ್ತು. ಅವನಿಗೆ ಇಳಿಸಲು ಯಾವ ಕಮಾಂಡೂ ಇರಲಿಲ್ಲ.

ನಾಣಿ ಅಷ್ಟಕ್ಕೇ ಬಿಡಲಿಲ್ಲ. ಪ್ರೊಸೆಸರ್ 46 ಡಿಗ್ರಿ, ಅದು ಸರಿ. ಆದರೆ ಡಿಸ್ಕುಗಳನ್ನು ಜೋಡಿಸುವ ಕಾರ್ಡಿನ ಚಿಪ್ಪಿನ ಮೇಲೆ ಬೆರಳಿಟ್ಟವನು 'ಹಾ' ಅಂತ ಕೈ ಎಳೆದುಕೊಂಡ. ಆ ಕಾರ್ಡಿಗೆ ಸ್ವಂತ ಫ್ಯಾನಿಲ್ಲ, ಆ ಪುಟಾಣಿಗಳ ಬಿರುಗಾಳಿಯನ್ನೇ ನಂಬಿಕೊಂಡು ಮಾಡಿದ್ದು. ಅದರ ಬಿಸಿ ಬಿಎಂಸಿಯ ಪಟ್ಟಿಯಲ್ಲೂ ಇರಲಿಲ್ಲ. ಒಂದು ಸಣ್ಣ ಫ್ಯಾನನ್ನು ಅದರ ಮುಂದೆ ಕಟ್ಟಿದ.

"ಗದ್ದಲದವನ ಕಡೆಗೇ ಎಲ್ಲರ ಕಣ್ಣು," ಎಂದರು ವೆಂಕಣ್ಣ. "ಇವನು ಮೂಲೆಯಲ್ಲಿ ಸುಮ್ನೆ ಬೇಯ್ತಾ ಇದ್ದ."

ಆಮೇಲೆ ಯಾರಿಗೂ ಏನು ಮಾತಾಡಬೇಕು ಅಂತ ಹೊಳೆಯಲಿಲ್ಲ. ಇಷ್ಟು ದಿನ ಬಂದವರೆಲ್ಲ ಆ ಸದ್ದನ್ನೇ ಬೈಯುತ್ತಾ ಕೂತಿರುತ್ತಿದ್ದರು. ಸೀನ ಫೋನು ತೆಗೆದ. ನಾಣಿ ಸ್ಕ್ರೂ ಎಣಿಸಿದ. ಒಂದು ಜಾಸ್ತಿ ಉಳಿದಿತ್ತು, ಯಾವಾಗಲೂ ಉಳಿಯುವ ಹಾಗೆ.

"ನನಗೂ ಒಂದು ಬಿಎಂಸಿ ಇತ್ತು ಕಣೋ," ಎಂದರು ವೆಂಕಣ್ಣ.

"ಏನು?"

"ನನ್ನ ಮಗ. ಅವನ ಅಮ್ಮ ಹೋದ ಮೇಲೆ ದಿನಾ ಬೆಳಗ್ಗೆ ಫೋನ್ ಮಾಡ್ತಿದ್ದ. ನಾನು ಎತ್ತಲಿಲ್ಲ ಅಂದರೆ ಮುಗೀತು. ಪಕ್ಕದ ಮನೆಗೆ ಫೋನು, ಎದುರು ಮನೆಗೆ ಫೋನು. ಒಂದು ಸಲ ಸ್ನಾನ ಮುಗಿಸಿ ಬರೋ ಹೊತ್ತಿಗೆ ನಾಲ್ಕು ಜನ ಬಾಗಿಲಲ್ಲಿ. ನಾಚಿಕೆಯಾಯಿತು. ಕೂರಿಸಿ ಬುದ್ಧಿ ಹೇಳಿದೆ. ನೋಡಪ್ಪ, ನಾನು ಮಾತಾಡದೇ ಇದ್ದರೂ ಚೆನ್ನಾಗೇ ಇರ್ತೀನಿ, ಸುಮ್ಸುಮ್ನೆ ಗಾಬರಿಯಾಗಬೇಡ ಅಂತ."

"ಕೇಳಿದನಾ?"

"ಜಾಣ. ಒಂದೇ ಸಲಕ್ಕೆ ಅರ್ಥ ಮಾಡಿಕೊಂಡ. ಈಗ ತಿಂಗಳಿಗೊಂದು ಸಲ ಮಾಡಿದರೆ ಜಾಸ್ತಿ."

ಹಾರ್ಡ್ ಡಿಸ್ಕು ಕಟಕಟ ಅಂದಿತು. ಸೀನ ಏನೋ ಹೇಳಲು ಹೋಗಿ, ತನ್ನ ಗಂಟಲಿನ ನೆನಪಾಗಿ ಸುಮ್ಮನಾದ.

"ಒಂದು ಮಾತು ಮರೆತೆ," ಎಂದ ನಾಣಿ ಪೆಟ್ಟಿಗೆ ಮುಚ್ಚುತ್ತಾ. "ಯಾವಾಗಲಾದರೂ ಬಿಎಂಸಿಯನ್ನ ಫ್ಯಾಕ್ಟರಿ ರೀಸೆಟ್ ಮಾಡಿದರೆ ಈ ಗೆರೆ ಮೊದಲಿನ ಹಾಗೇ ಆಗಿಬಿಡಬಹುದು. ಮತ್ತೆ ಸಣ್ಣದಕ್ಕೂ ಗಾಬರಿ ಶುರು. ಹುಷಾರು."

ಚಪ್ಪಲಿ ಹಾಕಿಕೊಳ್ಳುತ್ತಿದ್ದ ವೆಂಕಣ್ಣ ತಿರುಗಿ ನೋಡಿದರು.

"ಅದನ್ನ ಹೇಗೆ ಮಾಡೋದು ಅಂದೆ?"