ಸಹಾಯ ಬೇಕು: ತಾತನ ಕಾಲದ ಐಸ್ ಪೆಟ್ಟಿಗೆಯಲ್ಲಿ ಕುಡಿಯುವ ನೀರು ತಂಪು ಮಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಬಸವನಗುಡಿಯ ನಮ್ಮ ಹಳೆಯ ಮನೆಯ ಅಟ್ಟದಲ್ಲಿ ತಾತನವರ ತೇಗದ ಐಸ್ ಪೆಟ್ಟಿಗೆಯೊಂದು ಸಿಕ್ಕಿದ್ದು, ಅದರ ಒಳಮೈಗೆ ಸತುವಿನ ತಗಡು ಹೊದಿಸಿ, ಗೋಡೆಗಳ ನಡುವೆ ಮರದ ಹೊಟ್ಟು ತುಂಬಿದ್ದಾರೆ. ಮೇಲಿನ ಖಾನೆಯಲ್ಲಿ ಮಂಜುಗಡ್ಡೆ ಇಟ್ಟರೆ ತಣ್ಣನೆಯ ಗಾಳಿ ಕೆಳಗಿಳಿಯುತ್ತದೆ. ಕರಗಿದ ನೀರು ಹಿಂಬದಿಯ ಕೊಳವೆಯಿಂದ ತಟ್ಟೆಗೆ ತೊಟ್ಟಿಕ್ಕುತ್ತದೆ. ಆದರೆ ಕೆಳಗಿಟ್ಟ ಸ್ಟೀಲ್ ಬಿಂದಿಗೆಯ ನೀರು ನಾಲ್ಕು ಗಂಟೆಯಾದರೂ ಅಷ್ಟೇನೂ ತಣ್ಣಗಾಗುವುದಿಲ್ಲ. (ಇದಕ್ಕಿಂತ ನಮ್ಮ ಮಣ್ಣಿನ ಹೂಜಿಯೇ ವಾಸಿ ಎಂದು ಅಮ್ಮ ನಗುತ್ತಾರೆ.)

ಒಂದು ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 80 ಕ್ಯಾಲರಿ ಶಾಖ ಬೇಕಾಗುವುದರಿಂದ, 10 ಲೀಟರ್ ನೀರನ್ನು 28 ಡಿಗ್ರಿಯಿಂದ 15ಕ್ಕೆ ಇಳಿಸಲು ಲೆಕ್ಕದ ಪ್ರಕಾರ ಒಂದೂಮುಕ್ಕಾಲು ಕಿಲೋ ಗಡ್ಡೆ ಸಾಕು. ಗಾಳಿಯ ಮೂಲಕ ಶಾಖ ನಿಧಾನವಾಗಿ ಸಾಗುವುದೇ ತೊಡಕು. ಹಾಗಾಗಿ ಗಡ್ಡೆಯ ಅಡಿಯಲ್ಲೇ ಸ್ಟೀಲ್ ಕೊಳವೆಯ ಸುರುಳಿ ಇಟ್ಟು, ಅದರೊಳಗೆ ನೀರು ಹರಿಸಿ, ಹೊರಗೊಂದು ನಲ್ಲಿ ಕೂರಿಸಬೇಕೆಂದಿದ್ದೇನೆ. ಹಳೆಯ ಬೆಸುಗೆಯಲ್ಲಿ ಸೀಸ ಇರಬಹುದಾದ್ದರಿಂದ ನೀರು ತಗಡಿಗಾಗಲಿ ಗಡ್ಡೆಗಾಗಲಿ ತಾಗಬಾರದು.

ಇಂಥ ಸುರುಳಿ ಬಗ್ಗಿಸಿಕೊಡುವವರು ಎಸ್.ಪಿ. ರಸ್ತೆಯ ಕಡೆ ಯಾರಾದರೂ ಇದ್ದಾರೆಯೇ? ಅದು ಎಷ್ಟು ಅಡಿ ಉದ್ದವಿರಬೇಕು, ಮತ್ತು ಒಳಗಿನ ಪಾಚಿಯನ್ನು ತೊಳೆಯುವುದು ಹೇಗೆ ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಿ.