ಎರಡು ಚರ್ಚು ಒಂದಾದಾಗ ಬೀಗ ಬಿದ್ದದ್ದು ಯಾವುದಕ್ಕೆ?

ನಿವೃತ್ತ ಮೇಷ್ಟರು:
ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ ನ್ಯೂಟನ್ ಗ್ರೋವ್ ಎಂಬ ಸಣ್ಣ ಊರಿದೆ. ಅಲ್ಲಿಯ ಕಥೋಲಿಕರಿಗೆ ಎರಡು ಚರ್ಚುಗಳಿದ್ದವು. ಬಿಳಿಯರಿಗೆ ಹೋಲಿ ರಿಡೀಮರ್, ಕಪ್ಪು ಜನರಿಗೆ ಸೇಂಟ್ ಬೆನೆಡಿಕ್ಟ್. 1953ರಲ್ಲಿ ರಾಲಿಯ ಧರ್ಮಾಧ್ಯಕ್ಷ, ಅಂದರೆ ಬಿಷಪ್, ವಿನ್ಸೆಂಟ್ ವಾಟರ್ಸ್ ಎರಡನ್ನೂ ಸೇರಿಸಿ ಒಂದೇ ಧರ್ಮಕೇಂದ್ರ (ಪ್ಯಾರಿಷ್) ಮಾಡಿದರು. ಬಿಳಿಯರು ಕೆರಳಿದರು. ಬಿಷಪ್ಪರು ತಾವೇ ಅಲ್ಲಿಗೆ ಹೋದರು, ಮಣಿಯಲಿಲ್ಲ. ಶಾಲೆಗಳಲ್ಲಿ ವರ್ಣಭೇದ ಕೂಡದೆಂದು ಸುಪ್ರೀಂ ಕೋರ್ಟ್ ಹೇಳಿದ್ದು ಅದರ ಮರುವರ್ಷ. ಇಂಥ ವಿಷಯದಲ್ಲಿ ಎಲ್ಲರನ್ನೂ ಒಪ್ಪಿಸುತ್ತಾ ಕುಳಿತರೆ ಕೆಲಸವಾಗುವುದಿಲ್ಲ, ಅಪ್ಪಣೆಯೇ ಬೇಕು ಎನ್ನುವುದು ನನ್ನ ಅಭಿಪ್ರಾಯ.

ಗಂಟೆಗೋಪುರ:
ಮೇಷ್ಟರೇ, ಒಂದು ಮಾತು ಬಿಟ್ಟಿರಿ. ಮುಚ್ಚಿದ್ದು ಯಾವ ಚರ್ಚನ್ನು? ಸೇಂಟ್ ಬೆನೆಡಿಕ್ಟನ್ನು. ಎದ್ದು ಹೋಗಬೇಕಾದವರು ಕಪ್ಪು ಜನ, ಅದೂ ತಮ್ಮನ್ನು ಬೇಡವೆನ್ನುವವರ ನಡುವೆ ಕೂರಲು. ಅಲ್ಲಿ ಮುಂದೆ ನಿಂತು ಹಾಡುತ್ತಿದ್ದವರು, ಹಬ್ಬದ ಊಟಕ್ಕೆ ಯಜಮಾನಿಕೆ ವಹಿಸುತ್ತಿದ್ದವರು ಇಲ್ಲಿ ಬರಿಯ ಅತಿಥಿಗಳು. ಇದನ್ನು ಕೂಡುವುದು ಎನ್ನಬೇಕೋ, ಕರಗುವುದು ಎನ್ನಬೇಕೋ?

ಕರಾವಳಿಯವಳು:
ಪ್ರತ್ಯೇಕ ಚರ್ಚನ್ನು ಅಷ್ಟು ಚಂದ ಮಾಡಿ ಹೇಳಬೇಡಿ. ಅದು ಹುಟ್ಟಿದ್ದೇ ಹೊರಗಿಟ್ಟದ್ದರಿಂದ. ದಕ್ಷಿಣದ ಎಷ್ಟೋ ಚರ್ಚುಗಳಲ್ಲಿ ಕಪ್ಪು ಜನರಿಗೆ ಹಿಂದಿನ ಬೆಂಚು. ಪರಮಪ್ರಸಾದಕ್ಕೂ ಬಿಳಿಯರ ಸರದಿ ಮುಗಿಯುವವರೆಗೆ ಕಾಯಬೇಕಿತ್ತು. ದೇವರೆದುರೂ ಸರದಿ! ನಗಲು ನಮಗೂ ಮುಖವಿಲ್ಲ ಬಿಡಿ. ನಮ್ಮ ಮಂಗಳೂರು ಕಡೆ ಬೆಂಚುಗಳಿಗೆ ಜಾತಿಯಿಲ್ಲ, ಆದರೆ ಮದುವೆ ಮಾತುಕತೆಯಲ್ಲಿ ಬಾಮಣ್, ಚಾರೋಡಿ, ಸುದಿರ್ ಎಂಬ ಜಾತಿಗಳ ಪಿಸುಮಾತು ಇನ್ನೂ ಕಿವಿಗೆ ಬೀಳುತ್ತದೆ.

ನಿವೃತ್ತ ಮೇಷ್ಟರು:
ಗಂಟೆಗೋಪುರದವರ ಮಾತು ನನಗೆ ಚುಚ್ಚಿತು. ಸೇಂಟ್ ಬೆನೆಡಿಕ್ಟಿಗೆ ಬೀಗ ಬಿದ್ದದ್ದನ್ನು ನಾನು ಬರಿಯ ವಿವರವೆಂದು ದಾಟಿಬಿಟ್ಟಿದ್ದೆ. ಆದರೂ ಕೇಳುತ್ತೇನೆ, ಬಿಷಪ್ಪರು ಬೇರೇನು ಮಾಡಬಹುದಿತ್ತು?

ಗಂಟೆಗೋಪುರ:
ನ್ಯೂ ಆರ್ಲಿಯನ್ಸ್ ನೋಡಿ. ಮಹಾಧರ್ಮಾಧ್ಯಕ್ಷ ಜೋಸೆಫ್ ರಮ್ಮೆಲ್ 1953ರಲ್ಲೇ ಬೆಂಚು, ಪಾಪನಿವೇದನೆ, ಪರಮಪ್ರಸಾದ ಎಲ್ಲಿಯೂ ಭೇದ ಕೂಡದೆಂದು ಪತ್ರ ಬರೆದಿದ್ದರು. 1955ರ ಅಕ್ಟೋಬರಿನಲ್ಲಿ ಜೆಸ್ಯೂಟ್ ಬೆಂಡ್ ಎಂಬಲ್ಲಿ ಬಲಿಪೂಜೆ ಅರ್ಪಿಸಲು ಬಂದ ಕಪ್ಪು ಗುರುವನ್ನು (ಪಾದ್ರಿಯನ್ನು) ಬಿಳಿಯ ಭಕ್ತರೇ ತಡೆದರು. ರಮ್ಮೆಲ್ ಏನು ಮಾಡಿದರು? ತಡೆದವರ ಆ ಪ್ರಾರ್ಥನಾಲಯದಲ್ಲೇ ಪೂಜೆ ನಿಲ್ಲಿಸಿದರು. ಬೇಲಿ ಹಾಕಿದವರೇ ಅದರ ಬೆಲೆ ತೆರಲಿ. ನ್ಯೂಟನ್ ಗ್ರೋವಿನಲ್ಲಿ ಆಗದೆ ಹೋದದ್ದು ಇದು.

ಕರಾವಳಿಯವಳು:
ರಮ್ಮೆಲ್ ಅವರನ್ನು ಅಷ್ಟು ಎತ್ತರಕ್ಕೆ ಏರಿಸಬೇಡಿ ಸರ್. ಪತ್ರ 1953ರದು. ಪ್ರತ್ಯೇಕತೆ ಪಾಪವೆಂದು 1956ರಲ್ಲಿ ಮತ್ತೊಂದು ಪತ್ರ. ಕಪ್ಪು ಮಕ್ಕಳಿಗೆ ಕಥೋಲಿಕ ಶಾಲೆಗಳ ಬಾಗಿಲು ತೆರೆದದ್ದು 1962ರಲ್ಲಿ! ಅತ್ತ ಸೇಂಟ್ ಲೂಯಿಸಿನ ಮಹಾಧರ್ಮಾಧ್ಯಕ್ಷ ಜೋಸೆಫ್ ರಿಟ್ಟರ್ 1947ರಲ್ಲೇ ಶಾಲೆಗಳನ್ನು ಒಂದಾಗಿಸಿದ್ದರು. ಕೋರ್ಟಿಗೆ ಹೋಗುತ್ತೇವೆಂದ ಪೋಷಕರಿಗೆ ಚರ್ಚಿನಿಂದ ಬಹಿಷ್ಕಾರದ ಎಚ್ಚರಿಕೆ ಕೊಟ್ಟದ್ದೇ ತಡ, ವಿರೋಧ ತಣ್ಣಗಾಯಿತು.

ಗಂಟೆಗೋಪುರ:
ರಮ್ಮೆಲ್ ಕೂಡ 1962ರ ಏಪ್ರಿಲಿನಲ್ಲಿ ಇದನ್ನು ವಿರೋಧಿಸಿದ ಮೂವರನ್ನು ಬಹಿಷ್ಕರಿಸಿದರು, ರಾಜಕಾರಣಿ ಲಿಯಾಂಡರ್ ಪೆರೆಜ್ ಸೇರಿ. ತಡ ಮಾಡಿದರು, ಒಪ್ಪುತ್ತೇನೆ.

ಚಾಮರಾಜಪೇಟೆ:
ಇಷ್ಟು ಹೊತ್ತು ಓದುತ್ತಾ ಕುಳಿತಿದ್ದೆ. ನೀವು ಮೂವರೂ ಬಿಷಪ್ಪರ ಸುತ್ತಲೇ ಸುತ್ತುತ್ತಿದ್ದೀರಿ. ಒಂದಾದ ಧರ್ಮಕೇಂದ್ರದ ಸಮಿತಿಯಲ್ಲಿ ಯಾರು ಕುಳಿತರು? ಕಾಣಿಕೆ ಡಬ್ಬಿಯ ಕೀಲಿ ಯಾರ ಬಳಿ ಇತ್ತು? ನನ್ನ ಧರ್ಮಕೇಂದ್ರದಲ್ಲಿ ಎರಡು ಭಾಷೆಯವರ ಪೂಜೆಗಳನ್ನು ಒಂದೇ ವೇಳೆಗೆ ತಂದರು. ಒಂದು ವರ್ಷ ಎರಡು ಗುಂಪುಗಳೂ ಹೆಗಲಿಗೆ ಹೆಗಲು ತಾಗಿಸಿ ಕುಳಿತವು, ಒಬ್ಬರೂ ಮಾತನಾಡಲಿಲ್ಲ. ಮಾತು ಶುರುವಾದದ್ದು ಹಬ್ಬದ ಲೆಕ್ಕಪತ್ರವನ್ನು ಆ ಕಡೆಯ ಒಬ್ಬರು, ಈ ಕಡೆಯ ಒಬ್ಬರು ಸೇರಿ ಬರೆಯಬೇಕೆಂದು ಗುರುಗಳು ಹೇಳಿದ ಮೇಲೆ. ಮೊದಲು ಜಗಳ, ಆಮೇಲೆ ಕಾಫಿ.

ಕರಾವಳಿಯವಳು:
ಆ ಲೆಕ್ಕ ಕೊನೆಗೆ ತಾಳೆಯಾಯಿತೇ?

ಚಾಮರಾಜಪೇಟೆ:
ನಲವತ್ತು ರೂಪಾಯಿ ಇಂದಿಗೂ ಹೊಂದಿಲ್ಲ.